ಕೋಟಿ ಬೆಲೆಯ ಜಮೀನಿದ್ದರೂ ಮನೆ ಮಾರಾಟಕ್ಕೆ ಬರುವುದೇಕೆ? ತೆತಾಂಜೆ ಶಾಂಪೇನ್ ಮನೆತನದ ನಾಲ್ಕು ತಲೆಮಾರು

ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. 2025ರ ಕೊಯ್ಲಿನಲ್ಲಿ ಹೆಕ್ಟೇರಿಗೆ 9,000 ಕಿಲೋ ದ್ರಾಕ್ಷಿ ಮಾತ್ರ ಮಾರಾಟದ ಶಾಂಪೇನಿಗೆ ಹೋಗಬೇಕು ಎಂದು ಅಲ್ಲಿನ ಬೆಳೆಗಾರರೂ ಕಂಪನಿಗಳೂ ಸೇರಿ ಗೊತ್ತುಮಾಡಿದರು. ಅಂದರೆ ಬಳ್ಳಿಯಲ್ಲಿ ಹಣ್ಣಿದ್ದರೂ ಅದಕ್ಕಿಂತ ಜಾಸ್ತಿ ಬಳಸುವಂತಿಲ್ಲ. ಅಷ್ಟು ಬಿಗಿ ಮಾಡಬೇಕಾದರೆ ವ್ಯಾಪಾರ ಬಿದ್ದಿರಬೇಕು. ಆದರೆ ಅದೇ ತೋಟಗಳ ಬೆಲೆ ಹೆಕ್ಟೇರಿಗೆ ಸರಾಸರಿ ಸುಮಾರು 10 ಲಕ್ಷ ಯೂರೋ. ನಮ್ಮ ಲೆಕ್ಕದಲ್ಲಿ ಎಕರೆಗೆ ನಾಲ್ಕು ಕೋಟಿ ರೂಪಾಯಿ ಆಸುಪಾಸು.

ಇದೇ ಹೊತ್ತಿಗೆ ಪ್ಯಾರಿಸ್ಸಿನ ಸಂಸತ್ತಿನಲ್ಲಿ ದೊಡ್ಡ ಆಸ್ತಿಗಳ ಮೇಲೆ ವರ್ಷಕ್ಕೆ 2% ತೆರಿಗೆ ಹಾಕಬೇಕೇ ಎಂಬ ಜಗಳ ನಡೆಯಿತು. ಕುಟುಂಬದ ಉದ್ಯಮಗಳು ಇದರಿಂದ ಉಳಿಯುವುದಿಲ್ಲ ಎಂದು ಒಂದು ಕಡೆಯವರು, ಶ್ರೀಮಂತರು ಸುಮ್ನೆ ಹೆದರಿಸುತ್ತಿದ್ದಾರೆ ಎಂದು ಇನ್ನೊಂದು ಕಡೆಯವರು.

ಹಾಗಾದರೆ ಈ ದ್ರಾಕ್ಷಿ ತೋಟದ ಮನೆತನಗಳು ಶ್ರೀಮಂತರೇ, ಕಷ್ಟದಲ್ಲಿರುವವರೇ? ಎರಡೂ ನಿಜ. ಹೇಗೆ ಎಂದು ತಿಳಿಯಲು ರೀಮ್ಸ್ ನಗರದ ತೆತಾಂಜೆ ಮನೆತನದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೊಂಡು, ಕಟ್ಟಿ, ಮಾರಿ, ಒಂದೇ ವರ್ಷದಲ್ಲಿ ಮತ್ತೆ ಕೊಂಡ ಮನೆ ಅದು. ಇಲ್ಲಿ ಮನೆ ಎಂದರೆ ವಾಸದ ಮನೆಯಲ್ಲ, ಶಾಂಪೇನ್ ಮಾಡಿ ಮಾರುವ ಕಂಪನಿ.

ಮೊದಲು ಈಗಿನ ಇಕ್ಕಟ್ಟು

2022ರಲ್ಲಿ ಸುಮಾರು 32.5 ಕೋಟಿ ಬಾಟಲಿ ಶಾಂಪೇನ್ ಮಾರಾಟವಾಗಿತ್ತು. 2023ರಲ್ಲಿ ಅದು 29.9 ಕೋಟಿಗೆ ಇಳಿಯಿತು. 2024ರಲ್ಲಿ 27.1 ಕೋಟಿ. ಕೋವಿಡ್ ಮುಗಿದ ಮೇಲೆ ಜನ ಹಬ್ಬ ಮಾಡಿದಂತೆ ಕುಡಿದರು, ಅಂಗಡಿಗಳು ದಾಸ್ತಾನು ತುಂಬಿಕೊಂಡವು. ಆಮೇಲೆ ಬೆಲೆ ಏರಿತು, ಯೂರೋಪಿನಲ್ಲಿ ಮನೆ ಖರ್ಚು ಏರಿತು, ಅಂಗಡಿಯವರು ಹಳೆಯ ದಾಸ್ತಾನು ಮುಗಿಸುತ್ತಾ ಹೊಸದನ್ನು ತರಿಸುವುದು ಕಡಿಮೆ ಮಾಡಿದರು. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಯೂರೋಪಿನ ವೈನಿಗೆ 200% ಸುಂಕ ಹಾಕುವುದಾಗಿ ಬೆದರಿಸಿದರು. ಆಗಸ್ಟ್‌ನಲ್ಲಿ ಜಾರಿಗೆ ಬಂದದ್ದು 15%. ಬೆದರಿಕೆಗಿಂತ ಕಡಿಮೆ, ನಿಜ. ಆದರೆ ಶಾಂಪೇನಿಗೆ ಹೊರದೇಶಗಳಲ್ಲಿ ಅತಿ ಮುಖ್ಯವಾದ ಮಾರುಕಟ್ಟೆಯಲ್ಲೇ ಈ ಹೊರೆ ಬಿತ್ತು.

ಬೇರೆ ಬೆಳೆಯಾದರೆ ಮುಂದಿನ ವರ್ಷ ಕಡಿಮೆ ಬಿತ್ತಬಹುದು. ಇಲ್ಲಿ ಹಾಗಾಗುವುದಿಲ್ಲ. ದ್ರಾಕ್ಷಿ ಬಳ್ಳಿ ಹತ್ತಾರು ವರ್ಷ ನಿಲ್ಲುತ್ತದೆ. ಹಿಂಡಿದ ರಸ ವೈನಾಗಿ, ಬಾಟಲಿಯಲ್ಲಿ ಎರಡನೇ ಸಲ ಹುಳಿ ಬಂದು, ನೆಲಮಾಳಿಗೆಯಲ್ಲಿ ಕನಿಷ್ಠ 15 ತಿಂಗಳು ಮಲಗಬೇಕು. ಒಂದೇ ವರ್ಷದ ಬೆಳೆಯಿಂದ ಮಾಡಿ, ಆ ವರ್ಷದ ಹೆಸರಿನಲ್ಲೇ ಮಾರುವ ಶಾಂಪೇನಾದರೆ ಕನಿಷ್ಠ 3 ವರ್ಷ. ಇದು ಕಾನೂನು. ಒಳ್ಳೆಯ ಮನೆಗಳು ಅದಕ್ಕಿಂತ ಜಾಸ್ತಿಯೇ ಕಾಯುತ್ತವೆ. ಹೀಗಾಗಿ ಇಡೀ ಪ್ರದೇಶದ ನೆಲಮಾಳಿಗೆಗಳಲ್ಲಿ ಯಾವಾಗ ನೋಡಿದರೂ ನೂರು ಕೋಟಿಗೂ ಹೆಚ್ಚು ಬಾಟಲಿಗಳಿರುತ್ತವೆ. ಮಾರಾಟ ಕುಸಿದರೆ ಈ ಗುಡ್ಡೆ ಬೆಳೆಯುತ್ತದೆ. ಅದಕ್ಕೆ ಹಾಕಿದ ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಕಡೆ ಅದು ಬ್ಯಾಂಕಿನ ಸಾಲದ ದುಡ್ಡು.

ಕೊಯ್ಲಿನ ಮಿತಿ ಇಳಿಸುವುದು ಇದಕ್ಕೇ. 2023ರಲ್ಲಿ ಮಿತಿ 11,400 ಕಿಲೋ ಇತ್ತು, 2024ರಲ್ಲಿ 10,000, 2025ರಲ್ಲಿ 9,000. ಎರಡು ವರ್ಷದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತ. ಕಂಪನಿಗಳಿಗೆ ಇದು ದಾಸ್ತಾನು ಕರಗಿಸುವ ದಾರಿ. ಕಿಲೋ ಲೆಕ್ಕದಲ್ಲಿ ದ್ರಾಕ್ಷಿ ಮಾರಿ ಬದುಕುವ ಬೆಳೆಗಾರನಿಗೆ ಇದು ನೇರವಾಗಿ ಆದಾಯದ ಕಡಿತ. ತೀರ್ಮಾನ ಇಬ್ಬರೂ ಕೂತು ಮಾಡಿದ್ದು, ಆದರೆ ನೋವು ಇಬ್ಬರಿಗೂ ಒಂದೇ ಸಮವಲ್ಲ.

ಜಮೀನು ಯಾರದ್ದು, ಹೆಸರು ಯಾರದ್ದು

ಶಾಂಪೇನ್ ಎಂದು ಕರೆಯಬಹುದಾದ ವೈನಿಗೆ ದ್ರಾಕ್ಷಿ ಬೆಳೆಯುವ ಜಾಗ ಸುಮಾರು 34,000 ಹೆಕ್ಟೇರ್. ಅದರ ಗಡಿಯನ್ನು ಕಾನೂನು ಹಾಕಿದೆ. ಹೊಸ ಜಮೀನು ಸೇರಿಸುವುದು ಬಹುತೇಕ ಆಗದ ಮಾತು. ಈ ಜಮೀನಿನ ಸುಮಾರು 90% ಇರುವುದು 16,000 ಬೆಳೆಗಾರರ ಕೈಯಲ್ಲಿ. ಹೆಚ್ಚಿನವರದ್ದು ಒಂದೆರಡು ಹೆಕ್ಟೇರ್. ಆದರೆ ಜಗತ್ತಿನಲ್ಲಿ ಮಾರಾಟವಾಗುವ ಶಾಂಪೇನಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೋಗುವುದು ದೊಡ್ಡ ಕಂಪನಿಗಳ ಹೆಸರಿನಲ್ಲಿ. ಜಮೀನು ಒಬ್ಬರದ್ದು, ಬಾಟಲಿಯ ಮೇಲಿನ ಹೆಸರು ಇನ್ನೊಬ್ಬರದ್ದು.

ಈ ಎರಡು ಗುಂಪು ಹಿಂದೆ ಬೀದಿಯಲ್ಲಿ ಹೊಡೆದಾಡಿದ್ದೂ ಇದೆ. 1911ರಲ್ಲಿ ಕೆಲವು ಕಂಪನಿಗಳು ಹೊರಗಿನ ಅಗ್ಗದ ದ್ರಾಕ್ಷಿ ತಂದು ಶಾಂಪೇನ್ ಮಾಡುತ್ತಿವೆ ಎಂದು ಸಿಟ್ಟೆದ್ದ ಬೆಳೆಗಾರರು ನೆಲಮಾಳಿಗೆಗಳಿಗೆ ನುಗ್ಗಿದರು. ಸರ್ಕಾರ ಸೈನ್ಯ ಕಳಿಸಬೇಕಾಯಿತು. ಗಡಿ ಗುರುತಿಸುವ ಕಾನೂನು, 1936ರ ಹೆಸರಿನ ರಕ್ಷಣೆ, 1941ರಲ್ಲಿ ಬೆಳೆಗಾರರೂ ಕಂಪನಿಗಳೂ ಸಮನಾಗಿ ಕೂರುವ ಶಾಂಪೇನ್ ಸಮಿತಿ, ಎಲ್ಲದರ ಬೇರು ಆ ಜಗಳದಲ್ಲಿದೆ. 2025ರಲ್ಲಿ 9,000 ಕಿಲೋ ಎಂದು ಗೊತ್ತುಮಾಡಿದ್ದೂ ಅದೇ ಸಮಿತಿ.

ಜಮೀನು ಹೆಚ್ಚಾಗುವುದಿಲ್ಲ, ಹೆಸರಿನ ಬೆಲೆ ಏರುತ್ತಲೇ ಇತ್ತು. ಹಾಗಾಗಿ ತೋಟದ ಬೆಲೆ ಅದರ ಬೆಳೆಯ ಲೆಕ್ಕ ಬಿಟ್ಟು ಓಡಿತು. ಸುಲಭವಾದ ಲೆಕ್ಕ ನೋಡೋಣ. ಹೆಕ್ಟೇರಿಗೆ 9,000 ಕಿಲೋ, ಕಿಲೋಗೆ ಸುಮಾರು 7 ಯೂರೋ ಎಂದರೆ 63,000 ಯೂರೋ. ಇದು ಒಟ್ಟು ಹುಟ್ಟುವಳಿ, ಲಾಭವಲ್ಲ. ಇಲ್ಲಿ ದ್ರಾಕ್ಷಿಯನ್ನು ಕೈಯಿಂದಲೇ ಕೊಯ್ಯಬೇಕೆಂಬ ನಿಯಮವಿದೆ. ಕೂಲಿ, ಔಷಧಿ, ಟ್ರ್ಯಾಕ್ಟರ್, ತೆರಿಗೆ ಎಲ್ಲ ಕಳೆದು ಉಳಿಯುವುದು ಇದರಲ್ಲಿ ಒಂದು ಪಾಲು. ಹತ್ತು ಲಕ್ಷದ ಆಸ್ತಿಗೆ ಅದು ತೀರಾ ಕಡಿಮೆ ಹುಟ್ಟುವಳಿ. ಕೊಂಡು ಬೆಳೆದು ಸಾಲ ತೀರಿಸುತ್ತೇನೆ ಎಂದು ಹೊರಟವನಿಗೆ ಒಂದು ಜನ್ಮ ಸಾಲದು.

ಇಂಥ ಜಮೀನನ್ನು ಅಪ್ಪನಿಂದ ಪಡೆದವರು ಕಾಗದದ ಮೇಲೆ ಕೋಟ್ಯಧಿಪತಿಗಳು. ಕೈಯಲ್ಲಿ ಓಡಾಡುವ ದುಡ್ಡು ಮಾತ್ರ ಸಾಧಾರಣ. ನನ್ನ ಮಟ್ಟಿಗೆ ಇಡೀ ಗೊಂದಲದ ಗಂಟು ಇರುವುದು ಇಲ್ಲೇ. ಯುದ್ಧ, ರೋಗ, ಬರ ಯಾವುದೂ ಈ ಮನೆತನಗಳನ್ನು ಮುಗಿಸಲಿಲ್ಲ. ಅವುಗಳನ್ನು ಅಲುಗಾಡಿಸಿದ್ದು ಆಸ್ತಿಯ ಬೆಲೆ ಮತ್ತು ಆದಾಯದ ನಡುವೆ ಬೆಳೆದ ಈ ಅಂತರ.

1932: ಬೆಲೆ ಬಿದ್ದಾಗ ಕೊಂಡವರು

ತೆತಾಂಜೆ ಕುಟುಂಬ ಮೂಲದಲ್ಲಿ ಶಾಂಪೇನಿನದ್ದಲ್ಲ. ಅವರು ಲೊರೇನ್ ಕಡೆಯವರು. 1870ರ ಯುದ್ಧದಲ್ಲಿ ಆ ನಾಡಿನ ಭಾಗ ಜರ್ಮನಿಯ ಪಾಲಾದಾಗ ಫ್ರಾನ್ಸಿನ ಪ್ರಜೆಗಳಾಗಿಯೇ ಉಳಿಯಲು ಪ್ಯಾರಿಸ್ ಕಡೆಗೆ ಬಂದವರು. ಪಿಯರ್ ತೆತಾಂಜೆ ಮೊದಲ ಮಹಾಯುದ್ಧದಲ್ಲಿ ಅಶ್ವದಳದ ಅಧಿಕಾರಿಯಾಗಿದ್ದರು. ಎಪರ್ನೆ ಹತ್ತಿರದ ಪಿಯೆರಿಯಲ್ಲಿ ಲಾ ಮಾರ್ಕೆತೆರಿ ಎಂಬ ಹಳೆಯ ಬಂಗಲೆಯಿದೆ. ಯುದ್ಧದ ಕಾಲದಲ್ಲಿ ಅದು ಸೇನೆಯ ಠಾಣೆಯಾಗಿತ್ತು. ಅಲ್ಲಿ ಉಳಿದ ಪಿಯರ್ ಅದರ ಮೇಲೆ ಮನಸ್ಸಿಟ್ಟರು.

1932ರಲ್ಲಿ ಆ ಬಂಗಲೆ, ಅದರ ತೋಟ ಅವರ ಕೈಗೆ ಬಂತು. ಸಂಬಂಧಿಕರ ಜೊತೆ ಸೇರಿ 1734ರಲ್ಲಿ ಶುರುವಾದ ಫೋರೆ-ಫೂರ್ನೋ ಎಂಬ ಹಳೆಯ ಶಾಂಪೇನ್ ವ್ಯಾಪಾರವನ್ನೂ ತೆಗೆದುಕೊಂಡರು. ಆ ಸಮಯ ಗಮನಿಸಬೇಕಾದದ್ದು. ರಷ್ಯಾದ ಅರಮನೆಗಳ ಮಾರುಕಟ್ಟೆ 1917ರ ಕ್ರಾಂತಿಯಲ್ಲಿ ಹೋಗಿತ್ತು. ಅಮೆರಿಕದಲ್ಲಿ 1920ರಿಂದ ಪಾನನಿಷೇಧ. ಮೇಲೆ ಜಗತ್ತಿನ ಆರ್ಥಿಕ ಕುಸಿತ. ದ್ರಾಕ್ಷಿ ಕೇಳುವವರಿರಲಿಲ್ಲ, ತೋಟ ಕೊಳ್ಳುವವರೂ ಇರಲಿಲ್ಲ. ಇವತ್ತು ಈ ಮನೆತನಕ್ಕೆ ಸುಮಾರು 288 ಹೆಕ್ಟೇರ್ ತೋಟವಿದೆ. ಅದರ ಬುನಾದಿ ಬಿದ್ದದ್ದು ಬೆಲೆ ನೆಲಕಚ್ಚಿದ ಆ ವರ್ಷಗಳಲ್ಲಿ. ಈಗಿನ ಬೆಲೆಗೆ ಅಷ್ಟು ತೋಟವನ್ನು ಯಾವ ಹೊಸ ಕುಟುಂಬವೂ ಕಟ್ಟಲಾರದು.

ಪಿಯರ್ ಬಗ್ಗೆ ಇನ್ನೊಂದು ವಿಷಯ ಮುಚ್ಚಿಡಬಾರದು. ಅವರು ರಾಜಕಾರಣಿ. 1924ರಲ್ಲಿ ತೀವ್ರ ಬಲಪಂಥದ ಯುವಕರ ಸಂಘಟನೆಯೊಂದನ್ನು ಕಟ್ಟಿದವರು. ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನ ನಗರಸಭೆಗೆ 1943ರಿಂದ 1944ರವರೆಗೆ ಅಧ್ಯಕ್ಷರಾಗಿದ್ದರು. ವಿಮೋಚನೆಯಾದ ಮೇಲೆ ಬಂಧನಕ್ಕೆ ಒಳಗಾದರು. ಮನೆತನದ ಚರಿತ್ರೆಯನ್ನು ಬರೀ ದ್ರಾಕ್ಷಿ, ಬಂಗಲೆ, ಬಾಟಲಿಯ ಕಥೆಯಾಗಿ ಹೇಳಿದರೆ ಈ ಪುಟ ಕಾಣೆಯಾಗುತ್ತದೆ.

ಮಕ್ಕಳ ಕಾಲ

ಯುದ್ಧದ ನಂತರ ವ್ಯಾಪಾರ ನಡೆಸಿದ್ದು ಪಿಯರ್ ಅವರ ಮಗ ಫ್ರಾನ್ಸ್ವಾ. 1960ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ತಮ್ಮ ಕ್ಲೋದ್ ಕೈಗೆ ಬಂತು. ಕ್ಲೋದ್ ಸುಮಾರು 45 ವರ್ಷ ನಡೆಸಿದರು. ಇನ್ನೊಬ್ಬ ಅಣ್ಣ ಜಾಂ 1959ರಿಂದ 1977ರವರೆಗೆ ರೀಮ್ಸ್‌ನ ಮೇಯರ್, ನಡುವೆ ದೇಶದ ಕಾನೂನು ಮಂತ್ರಿ. ಹಾಗೆ ನೋಡಿದರೆ ಊರು ಮತ್ತು ಮನೆತನ ಒಂದಕ್ಕೊಂದು ಹೆಣೆದುಕೊಂಡವು.

ಈ ಮನೆಯ ಗುರುತಾದ ರುಚಿ ಹುಟ್ಟಿದ್ದೂ ಈ ಕಾಲದಲ್ಲೇ. ಬೇರೆಯವರು ಕಪ್ಪು ದ್ರಾಕ್ಷಿಯ ಮೈತುಂಬಿದ ರುಚಿಗೆ ಒತ್ತು ಕೊಡುತ್ತಿದ್ದಾಗ ಇವರು ಶಾರ್ಡನೆ ಎಂಬ ಬಿಳಿ ದ್ರಾಕ್ಷಿಯ ಹಗುರ ರುಚಿ ಹಿಡಿದರು. ಬರೀ ಶಾರ್ಡನೆಯಿಂದಲೇ ಮಾಡುವ 'ಕೋಂತ್ ದ ಶಾಂಪೇನ್' 1952ರ ಬೆಳೆಯಿಂದ ಶುರುವಾಯಿತು. ಅದು ಮಲಗುವುದು ರೀಮ್ಸ್‌ನ ಸೇಂಟ್ ನಿಕೇಸ್ ಗುಡ್ಡದ ಕೆಳಗೆ, ರೋಮನ್ ಕಾಲದಲ್ಲಿ ಸೀಮೆಸುಣ್ಣದ ಕಲ್ಲು ತೆಗೆದ ಗುಂಡಿಗಳಲ್ಲಿ. ಆ ಗುಡ್ಡ 2015ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಾಟಲಿಗಳು ಅಲ್ಲಿ ಎಂಟು ಹತ್ತು ವರ್ಷ ಇರುತ್ತವೆ. ಒಬ್ಬರು ಮಾಡಿಟ್ಟದ್ದನ್ನು ಇನ್ನೊಬ್ಬರು ಮಾರುವ ವ್ಯವಹಾರವಿದು. ತಲೆಮಾರಿನ ಲೆಕ್ಕದಲ್ಲಿ ಯೋಚಿಸುವ ಮಾಲೀಕರು ಬೇಕು ಎನ್ನುವ ವಾದಕ್ಕೆ ಬಲ ಬರುವುದು ಇದರಿಂದ.

ಆದರೆ ಕುಟುಂಬ ಶಾಂಪೇನಿಗೆ ನಿಲ್ಲಲಿಲ್ಲ. ಹೋಟೆಲ್‌ಗಳು ಬಂದವು. ಪ್ಯಾರಿಸ್ಸಿನ ಹೆಸರಾಂತ ಕ್ರಿಯೋನ್, ಜೊತೆಗೆ ಅಗ್ಗದ ದರದ ಹೋಟೆಲ್‌ಗಳ ಸರಪಳಿ. ಬಕಾರಾ ಗಾಜಿನ ಕಾರ್ಖಾನೆ ಬಂತು. ಲುವಾರ್ ಕಣಿವೆಯ ಗುಳ್ಳೆ ವೈನಿನ ಮನೆ ಬೂವೆ-ಲಾದುಬೆ 1974ರಲ್ಲಿ ಬಂತು. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೋಟ. ಗುಂಪು ದೊಡ್ಡದಾಯಿತು, ಷೇರು ಮಾರುಕಟ್ಟೆಗೂ ಬಂತು. ಕುಟುಂಬವೂ ದೊಡ್ಡದಾಯಿತು.

ಪಾಲು ಎಂಬ ಕಾನೂನು

ಇಲ್ಲಿ ಫ್ರೆಂಚ್ ವಾರಸು ಕಾನೂನನ್ನು ಸ್ವಲ್ಪ ನೋಡಲೇಬೇಕು. 1804ರ ನೆಪೋಲಿಯನ್ ಸಂಹಿತೆಯಿಂದ ಬಂದ ನಿಯಮದ ಪ್ರಕಾರ ತಂದೆ ತಾಯಿ ತಮ್ಮಿಷ್ಟದಂತೆ ಇಡೀ ಆಸ್ತಿಯನ್ನು ಒಬ್ಬ ಮಗನಿಗೆ ಬರೆದಿಡುವಂತಿಲ್ಲ. ಒಂದು ಮಗುವಿದ್ದರೆ ಅರ್ಧ ಆಸ್ತಿ, ಇಬ್ಬರಿದ್ದರೆ ಮೂರನೇ ಎರಡು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕನೇ ಮೂರು ಪಾಲು ಮಕ್ಕಳಿಗೆ ಕಡ್ಡಾಯ, ಅದೂ ಸಮನಾಗಿ. ಹಿರಿಯ ಮಗನಿಗೇ ಎಲ್ಲ ಎನ್ನುವ ಹಳೆಯ ದೊರೆಗಳ ಪದ್ಧತಿಯನ್ನು ಮುರಿದ ಕಾನೂನಿದು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ದೊಡ್ಡ ಸುಧಾರಣೆಯೂ ಹೌದು. ಇದನ್ನು ಬೈಯುವವರು ಆ ಭಾಗವನ್ನು ಮರೆಯುತ್ತಾರೆ.

ಆದರೆ ಉದ್ಯಮದ ಮೇಲೆ ಅದರ ಪರಿಣಾಮ ನಮ್ಮ ಹಳ್ಳಿಗಳಲ್ಲಿ ಹೊಲ ಹಿಸ್ಸೆಯಾಗುತ್ತಾ ಹೋದಂತೆಯೇ. ಹೊಲ ತುಂಡಾಗುವ ಬದಲು ಇಲ್ಲಿ ಷೇರು ತುಂಡಾಗುತ್ತದೆ. ಮೂರನೇ ತಲೆಮಾರಿಗೆ ಬರುವಾಗ ಹತ್ತಾರು ಮಂದಿ ಷೇರುದಾರರು. ಅವರಲ್ಲಿ ಕಂಪನಿಯಲ್ಲಿ ಕೆಲಸ ಮಾಡುವವರು ಒಬ್ಬಿಬ್ಬರು. ಉಳಿದವರು ವೈದ್ಯರೋ ಕಲಾವಿದರೋ ಆಗಿ ಬೇರೆ ಊರಲ್ಲಿರುತ್ತಾರೆ. ಅವರ ಪಾಲಿನ ಬೆಲೆ ಕಾಗದದ ಮೇಲೆ ಬಹಳ, ವರ್ಷಕ್ಕೆ ಕೈಗೆ ಬರುವ ಲಾಭಾಂಶ ಸ್ವಲ್ಪ. ಕಂಪನಿ ನಡೆಸುವವರಿಗೆ ದುಡ್ಡು ನೆಲಮಾಳಿಗೆಗೆ ಬೇಕು. ಹೊರಗಿರುವವರಿಗೆ ಕೈಗೆ ಬೇಕು. ಇಬ್ಬರದ್ದೂ ತಪ್ಪಲ್ಲ.

ಇದಕ್ಕೆ ಆಸ್ತಿ ತೆರಿಗೆ ಸೇರಿಕೊಂಡಿತು. 1980ರ ದಶಕದಿಂದ 2017ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಫ್ರಾನ್ಸಿನಲ್ಲಿ ಒಟ್ಟು ಆಸ್ತಿಯ ಮೇಲೆ ವರ್ಷ ವರ್ಷ ತೆರಿಗೆಯಿತ್ತು. ಸ್ವತಃ ದುಡಿದು ನಡೆಸುವ ಉದ್ಯಮಕ್ಕೆ ವಿನಾಯಿತಿ ಇತ್ತು. ಸುಮ್ನೆ ಷೇರು ಇಟ್ಟುಕೊಂಡ ಅಣ್ಣತಮ್ಮಂದಿರ ಮಕ್ಕಳಿಗೆ ಅಷ್ಟು ಸುಲಭದ ವಿನಾಯಿತಿ ಇರಲಿಲ್ಲ. ಷೇರಿನ ಬೆಲೆ ಏರಿದಷ್ಟೂ ತೆರಿಗೆ ಏರುತ್ತದೆ, ಲಾಭಾಂಶ ಏರುವುದಿಲ್ಲ. 1990ರ ದಶಕದ ಕೊನೆಯಲ್ಲಿ ಹೊರಗಿನ ಹೂಡಿಕೆದಾರರೂ ಗುಂಪಿನ ಷೇರು ಕೊಂಡು, ಬಿಡಿಬಿಡಿಯಾಗಿ ಮಾರಿದರೆ ಇದಕ್ಕಿಂತ ಜಾಸ್ತಿ ಬೆಲೆ ಬರುತ್ತದೆ ಎಂದು ಒತ್ತಡ ಹಾಕಿದರು.

2005ರ ಮಾರಾಟ, 2006ರ ಮರುಖರೀದಿ

2005ರಲ್ಲಿ ಕುಟುಂಬ ಇಡೀ ಗುಂಪನ್ನು ಅಮೆರಿಕದ ಸ್ಟಾರ್‌ವುಡ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಬೆಲೆ ಎರಡೂವರೆ ಬಿಲಿಯನ್ ಯೂರೋಗಿಂತ ಹೆಚ್ಚು. ಸ್ಟಾರ್‌ವುಡ್‌ಗೆ ಬೇಕಿದ್ದದ್ದು ಹೋಟೆಲ್‌ಗಳು. ಹತ್ತು ವರ್ಷ ಮಲಗಿಸಿ ಮಾರುವ ಶಾಂಪೇನ್ ಹೂಡಿಕೆ ನಿಧಿಗೆ ಒಗ್ಗುವ ವ್ಯವಹಾರವಲ್ಲ. ಹಾಗಾಗಿ ಅದನ್ನು ಬೇರೆಯಾಗಿ ಮಾರಾಟಕ್ಕಿಟ್ಟರು.

ಕೊಳ್ಳಲು ಬಂದವರಲ್ಲಿ ಒಬ್ಬರು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಗುಂಪಿನ ವಿಜಯ್ ಮಲ್ಯ. ಆ ಪ್ರಯತ್ನ ಫಲಿಸಲಿಲ್ಲ. ಆದರೆ ತೆತಾಂಜೆ ಗುಂಪಿನಲ್ಲಿದ್ದ ಬೂವೆ-ಲಾದುಬೆ 2006ರಲ್ಲಿ ಅವರ ಪಾಲಾಯಿತು. ಹೀಗೆ ಲುವಾರ್ ದಡದ ಸೋಮುರಿನ, 1851ರ ಒಂದು ವೈನ್ ಮನೆ ಒಂಬತ್ತು ವರ್ಷ ಬೆಂಗಳೂರಿನ ಕಂಪನಿಯೊಂದರ ಒಡೆತನದಲ್ಲಿತ್ತು. 1932ರಿಂದ ಅದನ್ನು ನಡೆಸಿಕೊಂಡು ಬಂದಿದ್ದ ಮೊನ್‌ಮುಸೊ ಕುಟುಂಬ 2015ರಲ್ಲಿ ಅದನ್ನು ಮರಳಿ ಕೊಂಡಿತು. ಒಂದೇ ಗುಂಪಿನಿಂದ ಹೊರಬಿದ್ದ ಎರಡು ಮನೆಗಳು, ಎರಡೂ ಕೊನೆಗೆ ಹಳೆಯ ಕುಟುಂಬದ ಕೈಗೇ ಬಂದವು.

ತೆತಾಂಜೆಯನ್ನು ಮರಳಿ ತಂದದ್ದು ಜಾಂ ಅವರ ಮಗ ಪಿಯರ್-ಎಮ್ಯಾನುಯೆಲ್. ಅವರು ಮಾರಾಟವನ್ನು ಒಪ್ಪದಿದ್ದವರು. 2006ರಲ್ಲಿ ಕ್ರೆದಿ ಅಗ್ರಿಕೋಲ್ ಬ್ಯಾಂಕಿನ ಈಶಾನ್ಯ ಶಾಖೆಯನ್ನು ಜೊತೆಗೆ ತಂದು ಸುಮಾರು 66 ಕೋಟಿ ಯೂರೋಗೆ ಶಾಂಪೇನ್ ಮನೆಯನ್ನು ಕೊಂಡರು. ಮಾರಿದ ಒಂದೇ ವರ್ಷದೊಳಗೆ ಇದಾಯಿತು.

ಬ್ಯಾಂಕ್ ಅಷ್ಟು ದುಡ್ಡು ಹಾಕಿದ್ದೇಕೆ? ಕ್ರೆದಿ ಅಗ್ರಿಕೋಲ್‌ನ ಪ್ರಾದೇಶಿಕ ಬ್ಯಾಂಕುಗಳು ಸಹಕಾರಿ ಮೂಲದವು. ಅವುಗಳ ಸದಸ್ಯರಲ್ಲಿ ಅಲ್ಲಿನ ರೈತರೂ ಇದ್ದಾರೆ. ತೆತಾಂಜೆಗೆ ಬೇಕಾದ ದ್ರಾಕ್ಷಿಯಲ್ಲಿ ಸ್ವಂತ ತೋಟದಿಂದ ಬರುವುದು ಅರ್ಧದಷ್ಟು. ಉಳಿದದ್ದು ಸುತ್ತಲಿನ ಬೆಳೆಗಾರರ ಜೊತೆಗಿನ ಒಪ್ಪಂದದಿಂದ. ಒಪ್ಪಂದ ಮುಂದುವರಿಯುವುದು ನಂಬಿಕೆಯ ಮೇಲೆ. ಗುರುತಿಲ್ಲದ ಮಾಲೀಕ ಬಂದು ಮೂರು ವರ್ಷದಲ್ಲಿ ಮಾರಿ ಹೋದರೆ ಎಂಬ ಅಳುಕು ಬೆಳೆಗಾರರಿಗಿತ್ತು. ಬ್ಯಾಂಕಿನ ದೃಷ್ಟಿಯಲ್ಲಿ ಹಾಕಿದ ದುಡ್ಡಿಗೆ ತೋಟ ಮತ್ತು ದಾಸ್ತಾನಿನ ಭದ್ರತೆಯಿತ್ತು, ಜೊತೆಗೆ ತನ್ನದೇ ಪ್ರದೇಶದ ವ್ಯಾಪಾರ ಉಳಿಯುತ್ತಿತ್ತು. ಭಾವನೆ ಇತ್ತು, ಲೆಕ್ಕವೂ ಇತ್ತು.

ಮೊದಲಿಗೆ ಒಡೆತನದ ದೊಡ್ಡ ಪಾಲು ಬ್ಯಾಂಕಿನದ್ದೇ ಆಗಿತ್ತು. ಕುಟುಂಬ ತನ್ನ ಪಾಲನ್ನು ಆಮೇಲೆ ಹೆಚ್ಚಿಸಿಕೊಂಡಿತು. ನಡುವೆ 2008ರ ಆರ್ಥಿಕ ಕುಸಿತ ಬಂತು. 2007ರಲ್ಲಿ ಸುಮಾರು 34 ಕೋಟಿ ಇದ್ದ ಶಾಂಪೇನ್ ಮಾರಾಟ 2009ರಲ್ಲಿ 29.3 ಕೋಟಿಗೆ ಬಿತ್ತು. ಬೆಲೆ ಮೇಲಿದ್ದಾಗ ಕೊಂಡು, ಎರಡೇ ವರ್ಷದಲ್ಲಿ ಕುಸಿತ ನೋಡಿದರು. ಆದರೂ ಮನೆ ನಿಂತಿತು. 2020ರ ಜನವರಿ 1ರಂದು ಪಿಯರ್-ಎಮ್ಯಾನುಯೆಲ್ ಅವರ ಮಗಳು ವಿಟಾಲಿ ಅಧ್ಯಕ್ಷೆಯಾದರು. ಸಹೋದರ ಕ್ಲೋವಿಸ್ ಕೂಡ ಮನೆಯ ಕೆಲಸದಲ್ಲಿದ್ದಾರೆ.

ಈ ಮರುಖರೀದಿಯನ್ನು ಬರೀ ಗೆಲುವಿನ ಕಥೆಯಾಗಿ ಓದುವುದು ಸರಿಯಲ್ಲ. ಮಾರಾಟದಿಂದ ನಡೆದದ್ದು ಷೇರುದಾರರ ಸಂಖ್ಯೆ ಕಡಿಮೆಯಾದದ್ದು. ದುಡ್ಡು ಬೇಕಿದ್ದವರು ತಮ್ಮ ಪಾಲು ಪಡೆದು ಹೋದರು. ಉಳಿಯಬೇಕೆಂದವರು ಒಂದು ಕವಲಿನವರು. ಮೂರು ತಲೆಮಾರು ಒಡೆದ ಪಾಲುಗಳು ಒಂದೇ ಏಟಿಗೆ ಮತ್ತೆ ಒಟ್ಟಾದವು. ಅದಕ್ಕೆ ತೆತ್ತ ಬೆಲೆ ಸಾಲ ಮತ್ತು ಬ್ಯಾಂಕಿನ ಜೊತೆಗಾರಿಕೆ.

ಬೇರೆ ಮನೆಗಳು ಏನು ಮಾಡಿದವು

ಎಲ್ಲರ ದಾರಿ ಒಂದೇ ಅಲ್ಲ. 1843ರ ಕ್ರುಗ್ ಮನೆ 1999ರಲ್ಲಿ ಐಷಾರಾಮಿ ವಸ್ತುಗಳ ದೊಡ್ಡ ಫ್ರೆಂಚ್ ಕಂಪನಿ ಎಲ್‌ವಿಎಂಎಚ್ ಗುಂಪು ಸೇರಿತು. ಮೊಯೆ, ವವ್ ಕ್ಲಿಕೊ, ರುಯಿನಾರ್ ಎಲ್ಲ ಅದೇ ಗುಂಪಿನವು. ಕ್ರುಗ್ ಕುಟುಂಬದವರು ಇವತ್ತೂ ಮನೆಯ ಮುಖವಾಗಿದ್ದಾರೆ, ಒಡೆತನ ಮಾತ್ರ ಬೇರೆಯವರದ್ದು. ಬೊಲಾಂಜೆಯಲ್ಲಿ ಗಂಡ ತೀರಿಕೊಂಡ ಮೇಲೆ ಲಿಲಿ ಬೊಲಾಂಜೆ 1941ರಿಂದ 1971ರವರೆಗೆ ನಡೆಸಿ, ಮಕ್ಕಳಿಲ್ಲದ ಕಾರಣ ಹತ್ತಿರದ ಸಂಬಂಧಿಗಳಿಗೆ ಒಪ್ಪಿಸಿದರು. ಲೂಯಿ ರೋಡೆರೆಯನ್ನು 1930ರ ದಶಕದಿಂದ 1975ರವರೆಗೆ ನಡೆಸಿದ ಕಮಿಲ್ ಕೂಡ ವಿಧವೆಯೇ. ಅದು ಈಗ ಮಗಳ ಕಡೆಯ ರೂಜೋ ಕುಟುಂಬದಲ್ಲಿದೆ.

ಶಾಂಪೇನಿನ ಚರಿತ್ರೆಯಲ್ಲಿ ವಿಧವೆಯರು ಇಷ್ಟು ಮಂದಿ ಇರುವುದು ಆಕಸ್ಮಿಕವಲ್ಲ. ಹಳೆಯ ಫ್ರೆಂಚ್ ಕಾನೂನಿನಲ್ಲಿ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ವ್ಯಾಪಾರ ಮಾಡುವಂತಿರಲಿಲ್ಲ. ಗಂಡ ಸತ್ತ ಮೇಲೆ ಮಾಡಬಹುದಿತ್ತು. 1805ರಲ್ಲಿ 27ರ ವಯಸ್ಸಿಗೇ ವಿಧವೆಯಾದ ಬಾರ್ಬ್-ನಿಕೋಲ್ ಕ್ಲಿಕೊ ತನ್ನ ಮನೆಯನ್ನು ಯೂರೋಪಿಗೆಲ್ಲ ಪರಿಚಯಿಸಿದರು, ಕೊನೆಗೆ ಅದನ್ನು ತನ್ನ ಜೊತೆ ದುಡಿದ ಪಾಲುದಾರನಿಗೆ ಬಿಟ್ಟುಹೋದರು. ವಿಟಾಲಿ ತೆತಾಂಜೆ ಆ ಕುರ್ಚಿಗೆ ಬಂದದ್ದು ತಂದೆ ಬದುಕಿರುವಾಗಲೇ, ಮಗಳಾಗಿ. ಕಾನೂನು ಬದಲಾದರೆ ಮನೆತನ ಎಷ್ಟು ಬದಲಾಗುತ್ತದೆ ಅಲ್ವಾ!

ತೆರಿಗೆ ಜಗಳದ ಎರಡು ಕಡೆ

ಈಗ ಸಂಸತ್ತಿನ ವಿಷಯಕ್ಕೆ ಬರೋಣ. ಫ್ರಾನ್ಸಿನಲ್ಲಿ ಮಕ್ಕಳು ಪಡೆಯುವ ವಾರಸಿಗೆ ಮೊದಲ 1 ಲಕ್ಷ ಯೂರೋ ಬಿಟ್ಟು ಮೇಲಿನದ್ದಕ್ಕೆ ಹಂತ ಹಂತವಾಗಿ ತೆರಿಗೆ ಇದೆ. ಕೊನೆಯ ಹಂತ 45%. ಐದು ಹೆಕ್ಟೇರ್ ತೋಟದ ಒಂದು ಸಣ್ಣ ಉದ್ಯಮ, ಬೆಲೆ 50 ಲಕ್ಷ ಯೂರೋ, ಒಬ್ಬಳೇ ಮಗಳು ಎಂದುಕೊಳ್ಳಿ. ಯಾವ ವಿನಾಯಿತಿಯೂ ಇಲ್ಲದಿದ್ದರೆ ತೆರಿಗೆ ಸುಮಾರು 20 ಲಕ್ಷ. ಅವಳ ತೋಟದ ಒಟ್ಟು ಹುಟ್ಟುವಳಿ, ಮೇಲಿನ ಲೆಕ್ಕದಂತೆ, ವರ್ಷಕ್ಕೆ 3.15 ಲಕ್ಷ. ಆರು ವರ್ಷದ ಇಡೀ ಬೆಳೆ, ಒಂದು ಪೈಸೆ ಖರ್ಚಿಲ್ಲದೆ, ತೆರಿಗೆಗೇ ಹೋಗಬೇಕು. ಆಗದ ಮಾತು. ತೋಟದ ಒಂದು ಭಾಗ ಮಾರಲೇಬೇಕು. ಆ ಬೆಲೆಗೆ ಕೊಳ್ಳುವ ಶಕ್ತಿ ಪಕ್ಕದ ಬೆಳೆಗಾರನಿಗೂ ಇಲ್ಲ, ದೊಡ್ಡ ಗುಂಪಿಗಿದೆ.

ಇದನ್ನು ತಡೆಯಲು 2003ರಲ್ಲಿ ದ್ಯುತ್ರೇಯ್ ಕಾನೂನು ಬಂತು. ಕುಟುಂಬದ ಉದ್ಯಮವನ್ನು ಕೆಲವು ವರ್ಷ ಮಾರುವುದಿಲ್ಲ, ನಮ್ಮಲ್ಲೊಬ್ಬರು ನಡೆಸುತ್ತೇವೆ ಎಂದು ಬರೆದುಕೊಟ್ಟರೆ ಅದರ ಬೆಲೆಯ ಮುಕ್ಕಾಲು ಪಾಲನ್ನು ತೆರಿಗೆ ಲೆಕ್ಕದಿಂದ ಬಿಡುತ್ತಾರೆ. ಆಗ ಆ ಮಗಳು ಕಟ್ಟಬೇಕಾದದ್ದು ಸುಮಾರು 3 ಲಕ್ಷ. ಕಷ್ಟ, ಆದರೆ ಸಾಧ್ಯ. ಗುತ್ತಿಗೆಗೆ ಕೊಟ್ಟ ಜಮೀನಿಗೆ ಬೇರೆ ನಿಯಮಗಳಿವೆ. ವಾದದ ತಿರುಳು ಮಾತ್ರ ಇದೇ.

ಇದರ ವಿರುದ್ಧದ ವಾದವೂ ಹಗುರವಾದದ್ದಲ್ಲ. ಐದು ಹೆಕ್ಟೇರಿನ ಮಗಳಿಗೆಂದು ಮಾಡಿದ ವಿನಾಯಿತಿ ನೂರಾರು ಕೋಟಿಯ ಕಂಪನಿಗಳ ವಾರಸುದಾರರಿಗೂ ಅದೇ ಪ್ರಮಾಣದಲ್ಲಿ ಸಿಗುತ್ತದೆ. ಅವರಿಗೆ ತೆರಿಗೆ ಕಟ್ಟಲು ತೋಟ ಮಾರುವ ಪ್ರಸಂಗ ಬರುವುದಿಲ್ಲ. ಖಜಾನೆಗೆ ಆಗುವ ನಷ್ಟದ ದೊಡ್ಡ ಪಾಲು ಹಾಗೆ ಕೆಲವೇ ಕುಟುಂಬಗಳಿಗೆ ಹೋಗುತ್ತದೆ ಎಂಬುದು ಟೀಕೆ. ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್‌ಮನ್ ಮುಂದಿಟ್ಟ 2% ತೆರಿಗೆಯ ಹಿಂದೆ ಇರುವುದೂ ಇದೇ ಸಿಟ್ಟು. 10 ಕೋಟಿ ಯೂರೋ ಮೀರಿದ ಆಸ್ತಿಯವರು ವರ್ಷಕ್ಕೆ ಆಸ್ತಿಯ 2%ರಷ್ಟಾದರೂ ತೆರಿಗೆ ಕಟ್ಟಬೇಕು ಎಂಬುದು ಪ್ರಸ್ತಾಪ. 2025ರ ಫೆಬ್ರವರಿಯಲ್ಲಿ ಕೆಳಮನೆ ಒಪ್ಪಿತು, ಜೂನ್‌ನಲ್ಲಿ ಮೇಲ್ಮನೆ ತಳ್ಳಿತು, ಅಕ್ಟೋಬರ್ ಕೊನೆಯಲ್ಲಿ ಬಜೆಟ್ ಚರ್ಚೆಯಲ್ಲಿ ಕೆಳಮನೆಯೇ ಬೇಡವೆಂದಿತು.

ಐದು ಹೆಕ್ಟೇರಿನವರಿಗೆ ಆ 2% ತಗಲುತ್ತಲೇ ಇರಲಿಲ್ಲ. ತಗಲಬಹುದಾದದ್ದು ನೂರಾರು ಹೆಕ್ಟೇರ್ ಇರುವ ಮನೆತನಗಳಿಗೆ. ಲಾಭ ಆಸ್ತಿಯ 2–3% ಮಾತ್ರ ಇರುವ ಕಡೆ 2% ತೆರಿಗೆ ಎಂದರೆ ಬಂದದ್ದೆಲ್ಲ ಹೋಯಿತು ಎಂದು ಅವರ ವಾದ. ನಗದಿಲ್ಲದಿದ್ದರೆ ಷೇರಿನ ರೂಪದಲ್ಲಿ ಕಟ್ಟಬಹುದು ಎಂದು ಜುಕ್‌ಮನ್ ಉತ್ತರ. ಆದರೆ ಷೇರು ಕೊಡುತ್ತಾ ಹೋದರೆ ಒಡೆತನ ಕರಗುತ್ತದೆ. ನನಗನ್ನಿಸುವಂತೆ ಎರಡೂ ಕಡೆ ಸಣ್ಣ ಬೆಳೆಗಾರನನ್ನು ಮುಂದೆ ನಿಲ್ಲಿಸಿಕೊಂಡು ದೊಡ್ಡವರ ಬಗ್ಗೆ ಮಾತಾಡುತ್ತಿವೆ. ವಿನಾಯಿತಿಗೆ ಒಂದು ಮೇಲ್ಮಿತಿ ಹಾಕಿದರೆ ಆ ಮಗಳ ತೋಟವೂ ಉಳಿಯುತ್ತದೆ, ಖಜಾನೆಯ ಸೋರಿಕೆಯೂ ಕಡಿಮೆಯಾಗುತ್ತದೆ. ಮನೆತನಗಳು ಇದನ್ನು ತಾವಾಗಿ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಮುಂದೆ ಏನಾಗಬಹುದು

ಮಾರಾಟ ಹೀಗೇ ಮುಂದುವರಿದರೆ ಮೊದಲು ಪೆಟ್ಟು ತಿನ್ನುವವರು ಸ್ವಂತ ಹೆಸರಿನಲ್ಲಿ ಬಾಟಲಿ ಮಾರುವ ಸಣ್ಣ ಬೆಳೆಗಾರರು. ಅವರ ಗಿರಾಕಿಗಳು ಹೆಚ್ಚಾಗಿ ಫ್ರಾನ್ಸಿನ ಒಳಗಿನವರೇ. ದಾಸ್ತಾನು ಹೊರುವ ಶಕ್ತಿ ಕಡಿಮೆಯಾದವರು ಬಾಟಲಿ ಬಿಟ್ಟು ಮತ್ತೆ ದ್ರಾಕ್ಷಿ ಮಾರಲು ಹೋಗುತ್ತಾರೆ. ಆಗ ಕಂಪನಿಗಳ ಮುಂದೆ ಅವರ ಚೌಕಾಶಿಯ ಬಲ ತಗ್ಗುತ್ತದೆ. ಒಪ್ಪಂದ ನವೀಕರಿಸುವಾಗ ಕಂಪನಿಗಳು ಕಡಿಮೆ ಕಿಲೋ ಕೇಳುತ್ತವೆ.

ದೊಡ್ಡ ಕುಟುಂಬಗಳು ಅಪಾಯವನ್ನು ಬೇರೆ ಕಡೆಗೂ ಹಂಚುತ್ತಿವೆ. ತೆತಾಂಜೆ 2015ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಮೀನು ಹಿಡಿದು 2017ರಲ್ಲಿ ಬಳ್ಳಿ ನೆಟ್ಟಿತು. ಡೊಮೇನ್ ಎವ್ರೆಮಾಂಡ್ ಎಂಬ ಆ ತೋಟದ ಮೊದಲ ವೈನ್ 2025ರಲ್ಲಿ ಮಾರುಕಟ್ಟೆಗೆ ಬಂತು. ಕೆಂಟ್‌ನಲ್ಲೂ ನೆಲದಡಿ ಸೀಮೆಸುಣ್ಣದ ಕಲ್ಲೇ. ಹವಾಮಾನ ಬಿಸಿಯಾಗಿ ಶಾಂಪೇನಿನಲ್ಲಿ ಕೊಯ್ಲು ಸೆಪ್ಟೆಂಬರ್‌ನಿಂದ ಆಗಸ್ಟ್‌ಗೆ ಸರಿಯುತ್ತಿರುವಾಗ ಉತ್ತರದ ಆ ಜಾಗ ದ್ರಾಕ್ಷಿಗೆ ಹದವಾಗುತ್ತಿದೆ. ಅಲ್ಲಿ ಜಮೀನಿನ ಬೆಲೆ ಶಾಂಪೇನಿನ ಸಣ್ಣದೊಂದು ಪಾಲು. ಹೆಚ್ಚು ಕಡಿಮೆ 1932ರ ಲೆಕ್ಕವನ್ನೇ ಬೇರೆ ನೆಲದಲ್ಲಿ ಮಾಡಿದ್ದಾರೆ.

ಇನ್ನು ಜಮೀನಿನ ಬೆಲೆ. ಅದು ಇಳಿದರೆ ವಾರಸು ತೆರಿಗೆ ಹಗುರವಾಗುತ್ತದೆ, ಹೊಸಬರಿಗೆ ಬಾಗಿಲು ತೆರೆಯುತ್ತದೆ. ಆದರೆ ಅದೇ ಜಮೀನನ್ನು ಅಡವಿಟ್ಟು ದಾಸ್ತಾನಿಗೆ ಸಾಲ ತಂದವರು ಸಿಕ್ಕಿಬೀಳುತ್ತಾರೆ. ಬ್ಯಾಂಕ್ ಭದ್ರತೆ ಹೆಚ್ಚಿಸಿ ಎನ್ನುತ್ತದೆ, ಇಲ್ಲವೇ ಸಾಲ ಇಳಿಸಿ ಎನ್ನುತ್ತದೆ. ಸಾಲ ಇಳಿಸಲು ಬಾಟಲಿಗಳನ್ನು ಅಗ್ಗಕ್ಕೆ ಬಿಡಬೇಕು. ಅಗ್ಗಕ್ಕೆ ಬಿಟ್ಟರೆ ಹೆಸರಿನ ಬೆಲೆ ಇಳಿಯುತ್ತದೆ, ಹೆಸರಿನ ಮೇಲೆ ನಿಂತ ಜಮೀನಿನ ಬೆಲೆ ಇನ್ನಷ್ಟು ಇಳಿಯುತ್ತದೆ. ಫ್ರಾನ್ಸಿನ ಕೃಷಿ ಜಮೀನು ಸಂಸ್ಥೆ ಸಫೇರ್‌ಗೆ ಮಾರಾಟದಲ್ಲಿ ಮಧ್ಯೆ ಬಂದು ಜಮೀನನ್ನು ತಾನೇ ಮೊದಲು ಕೊಂಡು ರೈತರಿಗೆ ಕೊಡುವ ಹಕ್ಕಿದೆ. ಹೆಕ್ಟೇರಿಗೆ ಹತ್ತು ಲಕ್ಷ ಇರುವಾಗ ಆ ಹಕ್ಕು ಬಳಸುವುದು ಕಷ್ಟ, ಬೆಲೆ ಇಳಿದರೆ ಸುಲಭ. ಹಾಗಾಗಿ ಮುಂದಿನ ಕೆಲವು ಕೊಯ್ಲುಗಳಲ್ಲಿ ನೋಡಬೇಕಾದದ್ದು ಎರಡು ಅಂಕಿ: ಸಮಿತಿ ಗೊತ್ತುಮಾಡುವ ಕಿಲೋ ಮಿತಿ, ಮತ್ತು ಹಳ್ಳಿಗಳಲ್ಲಿ ನಿಜವಾಗಿ ಕೈ ಬದಲಾದ ತೋಟಗಳ ಬೆಲೆ. ಮಿತಿ ಏರದೆ ಬೆಲೆ ಮಾತ್ರ ನಿಂತಲ್ಲೇ ನಿಂತರೆ, ಮಾರಲು ಬರುವ ಕುಟುಂಬಗಳ ಸಾಲು ಉದ್ದವಾಗುತ್ತದೆ.